ಸವೆಯದ ಕಾಲುಚೀಲವನ್ನು ಹೊಲಿದವಳು

ನಮ್ಮ ಚರ್ಚಿನಲ್ಲಿ ಒಂದು ಕಾಲುಚೀಲವಿದೆ. ನಗಬೇಡಿ. ಬೇರೆ ಊರಿನವರ ಹತ್ತಿರ ಸಂತರ ಮೂಳೆಯಿದೆ, ಹಲ್ಲಿದೆ, ಕೂದಲಿದೆ. ನಮ್ಮ ಪಾಲಿಗೆ ಬಂದದ್ದು ಕಾಲುಚೀಲ, ಅದೂ ಒಂದೇ ಒಂದು. ಕಂದು ಉಣ್ಣೆಯದು, ಮೊಣಕಾಲಿಗೆ ಸ್ವಲ್ಪ ಕೆಳಗಿನವರೆಗೆ ಬರುವಂಥದ್ದು. ಬೆಳ್ಳಿ ಚೌಕಟ್ಟಿನ ಗಾಜಿನ ಪೆಟ್ಟಿಗೆಯಲ್ಲಿ, ನೀಲಿ ಮಖಮಲ್ಲಿನ ಮೇಲೆ, ಊಟವಾದ ಮೇಲೆ ಅಡ್ಡಾದ ಬೀಗರ ಹಾಗೆ ಆರಾಮಾಗಿ ಮಲಗಿರುತ್ತದೆ.

ಅದರ ಕಥೆ ನಮ್ಮೂರಿನ ಮಕ್ಕಳಿಗೆ ತಾಯಿಯ ಹಾಲಿನ ಜೊತೆಗೇ ಹೊಟ್ಟೆಗಿಳಿಯುತ್ತದೆ. ಸಂತರು ಹಿಮ ಬೀಳುವ ಕಾಲದಲ್ಲಿ ಬೆಟ್ಟ ದಾಟಿ ನಡೆದು ಬರುತ್ತಿದ್ದರಂತೆ. ದಾರಿಯಲ್ಲಿ ಬರಿಗಾಲಿನ ಭಿಕ್ಷುಕನೊಬ್ಬ ಎದುರಾದನಂತೆ. ಸಂತರು ತಮ್ಮ ಒಂದು ಕಾಲುಚೀಲ ಬಿಚ್ಚಿ ಅವನಿಗೆ ಕೊಟ್ಟು, ಇನ್ನೊಂದರಲ್ಲೇ ಉಳಿದ ದಾರಿಯನ್ನೆಲ್ಲ ಸವೆಸಿದರಂತೆ. ದಾರಿ ಸವೆಯಿತು, ಕಾಲುಚೀಲ ಸವೆಯಲಿಲ್ಲ. ‘ನಂಬಿಕೆ ಹರಿಯುವ ತನಕ ಇದೂ ಹರಿಯದು’ ಎಂದು ಹೇಳಿ ಕಣ್ಣು ಮುಚ್ಚಿದರಂತೆ. ಎರಡೂ ಕಾಲುಚೀಲಗಳನ್ನು ಯಾಕೆ ಕೊಡಲಿಲ್ಲ ಎಂದು ಚಿಕ್ಕವಳಿದ್ದಾಗ ಕೇಳಿ ನಾನು ಬೋಧನೆಯ ತರಗತಿಯಿಂದ ಹೊರಗೆ ನಿಂತಿದ್ದೇನೆ.

ಮೂಲ ಕಥೆಗೆ ಆಮೇಲಿನವರು ಬಾಲ ಅಂಟಿಸುತ್ತಾ ಬಂದರು. ಯುದ್ಧದಲ್ಲಿ ಸೈನಿಕರು ಅದನ್ನು ಬೆಂಕಿಗೆ ಎಸೆದರೆ ಅದು ತಾನಾಗಿ ಹೊರಗೆ ಜಿಗಿಯಿತಂತೆ. ಕಳ್ಳನೊಬ್ಬ ಕದ್ದು ತೊಟ್ಟುಕೊಂಡು ಊರುಬಿಟ್ಟು ಓಡಿದರೆ ಬೆಳಗಾಗುವಾಗ ಚರ್ಚಿನ ಬಾಗಿಲಲ್ಲೇ ನಿಂತಿದ್ದನಂತೆ. ಭಿಕ್ಷುಕನಿಗೆ ಕೊಟ್ಟ ಚೀಲ ಹೊಳೆಯಾಚೆಯ ಊರಿನ ಚರ್ಚಿನಲ್ಲಿದೆ. ಅದು ಬಲಗಾಲಿನದು, ನಮ್ಮದು ಎಡಗಾಲಿನದು ಎಂದು ಎರಡೂ ಊರಿನವರ ಒಪ್ಪಂದ. ಉಣ್ಣೆಯ ಕಾಲುಚೀಲಕ್ಕೆ ಎಡ ಬಲ ಎಲ್ಲಿಂದ ಬಂತು ಎಂದು ಯಾರೂ ಕೇಳಲು ಹೋಗಿಲ್ಲ. ಕೇಳಿದ್ದರೆ ಉತ್ತರಕ್ಕೆಂದು ಇನ್ನೊಂದು ಪವಾಡ ಹುಟ್ಟುತ್ತಿತ್ತು, ಅಷ್ಟೇ.

ಈ ಸವೆಯದ ಕಾಲುಚೀಲವನ್ನು ನನ್ನ ಸೋದರತ್ತೆ ಪ್ರತಿ ವರ್ಷ ಹೊಲಿಯುತ್ತಿದ್ದಳು.

ಊರಿಗೆಲ್ಲ ಅವಳು ರಫೂ ಅತ್ತೆ. ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಒಂದೇ ಕೋಣೆ ಅವಳ ಮನೆ, ಅದೇ ಅವಳ ಕಾರ್ಖಾನೆ. ಕಿಟಕಿಯ ಪಕ್ಕ ಕುರ್ಚಿ, ಕುರ್ಚಿಯ ಪಕ್ಕ ಉಣ್ಣೆಯ ಬುಟ್ಟಿ, ಗೋಡೆಯ ತುಂಬ ಹರಿದ ಕೋಟು, ಪ್ಯಾಂಟು, ಶಾಲು. ಕೆಳಗಿನಿಂದ ದಿನವಿಡೀ ಅರದ ಕಿರ್ರೋ ಸದ್ದು. ಕೋಟಿಗೆ ಸಿಗರೇಟಿನ ಕಿಡಿ ಬಿದ್ದು ತೂತಾದರೆ, ಹೊಸ ಪ್ಯಾಂಟು ಮೊಳೆಗೆ ಸಿಕ್ಕಿಕೊಂಡು ಹರಿದರೆ, ಜನ ಅವಳ ಮೆಟ್ಟಿಲು ಹತ್ತುತ್ತಿದ್ದರು. ಅತ್ತೆ ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ಒಂದೊಂದೇ ಎಳೆ ಮೇಲೆ ಕೆಳಗೆ ಹಾಯಿಸಿ ತೂತನ್ನೇ ಮಾಯ ಮಾಡುತ್ತಿದ್ದಳು. ‘ಕಂಡ್ರೆ ಅದು ತೇಪೆ, ಕಾಣದಿದ್ರೆ ರಫೂ’ ಎಂದು ಬಂದವರಿಗೆಲ್ಲ ಹೇಳಿ, ಅವರಿಂದ ಹೌದೆನ್ನಿಸಿಕೊಂಡೇ ಬಟ್ಟೆ ಕೊಡುತ್ತಿದ್ದಳು. ಸೂಜಿಯಷ್ಟೇ ಚೂಪು ನಾಲಿಗೆ. ಜಂಭಕ್ಕಂತೂ ಕೊನೆಯೇ ಇರಲಿಲ್ಲ. ಊರಿನ ತೂತನ್ನೆಲ್ಲ ಮುಚ್ಚಿದವಳ ಸ್ವಂತ ಕಾಲುಚೀಲದ ಹಿಮ್ಮಡಿ ಮಾತ್ರ ಯಾವಾಗಲೂ ಹರಿದೇ ಇರುತ್ತಿತ್ತು. ಕೋಣೆಯ ನೆಲವೋ ಮಂಜುಗಡ್ಡೆ. ‘ಕಾಲು ತಣ್ಣಗಾಗಿದೆ ಕಣೇ’ ಎಂದು ಗೊಣಗುತ್ತಾ ಎರಡೂ ಪಾದಗಳನ್ನು ಬುಟ್ಟಿಯ ಉಣ್ಣೆಯೊಳಗೆ ತೂರಿಸಿ ಕೂರುತ್ತಿದ್ದಳು.

ಕಾಲುಚೀಲದ ವಿಷಯಕ್ಕೆ ಬರುತ್ತೇನೆ. ವರ್ಷಕ್ಕೊಮ್ಮೆ, ಸಂತರ ದಿನದಂದು, ಗಾಜಿನ ಪೆಟ್ಟಿಗೆ ತೆರೆದು ಜನರಿಗೆ ಮುತ್ತಿಡಲು ಬಿಡುತ್ತಾರೆ. ಜನರ ಭಕ್ತಿ ನಿಮಗೆ ಗೊತ್ತೇ ಇದೆ. ಮುತ್ತಿಡುವಾಗ ತುಟಿ ಮುಂದೆ, ಹಲ್ಲು ಹಿಂದೆ. ಮಂಡಿನೋವಿಗೊಂದು ಎಳೆ, ಪರೀಕ್ಷೆಗೊಂದು ಎಳೆ, ಸೊಸೆಯ ಬಾಯಿ ಮುಚ್ಚಿಸಲೊಂದು ಎಳೆ. ಕಚ್ಚಿ ಕಿತ್ತು, ಬಾಯಲ್ಲೇ ಇಟ್ಟುಕೊಂಡು, ಮೂಗಿನಲ್ಲಿ ಪ್ರಾರ್ಥನೆ ಹೇಳುತ್ತಾ ಹೊರಗೆ ಬರುತ್ತಾರೆ. ಸಂಜೆಯ ಹೊತ್ತಿಗೆ ಸವೆಯದ ಕಾಲುಚೀಲ ಇಲಿ ತಿಂದ ಹಾಗೆ ಆಗಿರುತ್ತಿತ್ತು.

ಮಾರನೆಯ ಬೆಳಗ್ಗೆ ಚರ್ಚಿನ ಗಂಟೆ ಹೊಡೆಯುವ ಗಂಟೆಯಣ್ಣ ಅದನ್ನು ಟವೆಲಿನಲ್ಲಿ ಸುತ್ತಿ, ಕದ್ದ ಕೋಳಿಯನ್ನು ಒಯ್ಯುವವನ ಹಾಗೆ ಅತ್ತ ಇತ್ತ ನೋಡುತ್ತಾ, ಹಿಂದಿನ ಓಣಿಯಿಂದ ಅತ್ತೆಯ ಮನೆಗೆ ತರುತ್ತಿದ್ದ. ಚರ್ಚಿನಲ್ಲಿ ಪೆಟ್ಟಿಗೆಯ ಮೇಲೆ ‘ಪವಿತ್ರ ಕಾಲುಚೀಲವು ವಿಶ್ರಾಂತಿಯಲ್ಲಿದೆ’ ಎಂಬ ಹಲಗೆ ನೇತಾಡುತ್ತಿತ್ತು. ಇಲ್ಲಿ ಅತ್ತೆ ಅದನ್ನು ಅಣಬೆಯ ಆಕಾರದ ಮರದ ಅಚ್ಚಿಗೆ ಎಳೆದು ಕೂರಿಸಿ, ‘ಏನಪ್ಪಾ ಸಂತ, ಈ ಸಲವೂ ಚೆನ್ನಾಗಿ ಕಚ್ಚಿಸ್ಕೊಂಡ್ಯಾ?’ ಎಂದು ಕೇಳಿ ಕೆಲಸ ಶುರು ಮಾಡುತ್ತಿದ್ದಳು. ಈರುಳ್ಳಿ ಸಿಪ್ಪೆ, ಚಹಾದ ಡಿಕಾಕ್ಷನ್ನು ಹಾಕಿ ಕುದಿಸಿ ಬಣ್ಣ ಕಟ್ಟಿದ ಉಣ್ಣೆ. ಹಲ್ಲಿನ ಗುರುತಿದ್ದ ಜಾಳು ಎಳೆಗಳನ್ನು ಬಿಡಿಸಿ ತೆಗೆದು, ಅಲ್ಲಿ ಹೊಸ ಎಳೆ. ತೆಗೆದ ಹಳೆಯ ಉಣ್ಣೆಯನ್ನು ಬಿಸಾಡುತ್ತಿರಲಿಲ್ಲ. ಸೂಜಿ ಚುಚ್ಚಿಡುವ ಪುಟ್ಟ ದಿಂಬಿನೊಳಗೆ ತುರುಕುತ್ತಿದ್ದಳು. ಉಣ್ಣೆಯ ಜಿಡ್ಡಿಗೆ ಸೂಜಿ ತುಕ್ಕು ಹಿಡಿಯುವುದಿಲ್ಲ. ಈ ಕೆಲಸವೂ ಆ ದಿಂಬೂ ಅವಳಿಗೆ ಅವಳ ತಾಯಿಯಿಂದ, ಅಂದರೆ ನನ್ನ ಅಜ್ಜಿಯಿಂದ, ಬಂದದ್ದು. ಹಾಗಾಗಿ ಸಂತರು ನಿಜವಾಗಿ ತೊಟ್ಟದ್ದರಲ್ಲಿ ಉಳಿದದ್ದೆಲ್ಲ ನಮ್ಮ ಮನೆಯ ಸೂಜಿದಿಂಬಿನಲ್ಲಿತ್ತು. ಅತ್ತೆ ದಿನಾ ಅದಕ್ಕೆ ಸೂಜಿ ಚುಚ್ಚುತ್ತಿದ್ದಳು. ಪೆಟ್ಟಿಗೆಯಲ್ಲಿದ್ದದ್ದು ಅವಳ ಮತ್ತು ಅವಳ ತಾಯಿಯ ಕೈಕೆಲಸ.

ಇದಕ್ಕೆ ಪ್ರತಿಫಲವೆಂದರೆ ಪಾದ್ರಿಗಳ ಆಶೀರ್ವಾದ ಮತ್ತು ಅರ್ಧ ಉರಿದ ಮೇಣದ ಬತ್ತಿಗಳು. ಅತ್ತೆ ಅದಕ್ಕೆ ತಲೆ ಕೆಡಿಸಿಕೊಂಡವಳಲ್ಲ. ಅವಳ ಕಣ್ಣಿದ್ದದ್ದು ಒಂದು ಕಲ್ಲಿನ ಮೇಲೆ. ಪೆಟ್ಟಿಗೆಯ ಪಕ್ಕದ ಗೋಡೆಯಲ್ಲಿ ಅಮೃತಶಿಲೆಯ ಹಲಗೆಯೊಂದಿದೆ. ಕಾಲುಚೀಲಕ್ಕೆ ಸೇವೆ ಸಲ್ಲಿಸಿದವರ ಹೆಸರೆಲ್ಲ ಅದರ ಮೇಲೆ. ಗಾಜು ಕೊಟ್ಟವನು, ಬೆಳ್ಳಿ ಕೊಟ್ಟವನು, ಬೀಗ ಕೊಟ್ಟವನು, ಬೀಗಕ್ಕೆ ಎಣ್ಣೆ ಕೊಟ್ಟವನು ಕೂಡ ಇದ್ದಾನೆ. ‘ಎಣ್ಣೆ ಬಿಟ್ಟವನು ಅಲ್ಲಿದಾನೆ, ನಾನಿಲ್ಲ’ ಎಂದು ಅತ್ತೆಗೆ ಹೊಟ್ಟೆಯುರಿ. ಅವಳಿಗೆ ಬೇಕಾದದ್ದು ಒಂದೇ ಸಾಲು: ಇದನ್ನು ಹೊಲಿದವರು ಈ ತಾಯಿ, ಈ ಮಗಳು. ಬೇರೆಯವರ ಬಟ್ಟೆಯಲ್ಲಿ ಕಾಣದ ಹಾಗೆ ಬದುಕಿದ್ದು ಸಾಕು, ಕಲ್ಲಿನ ಮೇಲಾದರೂ ಕಾಣಬೇಕು ಎಂಬ ಆಸೆ.

ಪಾದ್ರಿಗಳು ಬಂದರು, ಹೋದರು. ಪ್ರತಿಯೊಬ್ಬರ ಹತ್ತಿರವೂ ಅತ್ತೆ ಕೇಳಿದಳು. ಪ್ರತಿಯೊಬ್ಬರೂ ಅದೇ ಮಾತನ್ನು ಬೇರೆ ಬೇರೆ ಮುಗುಳ್ನಗೆಯಲ್ಲಿ ಹೇಳಿದರು. ‘ಅಮ್ಮಾ, ಅದು ಸವೆಯದ ಕಾಲುಚೀಲ. ಸವೆಯದ್ದನ್ನ ಯಾರಾದ್ರೂ ಹೊಲಿಯೋದುಂಟಾ?’

‘ಹಾಗಾದ್ರೆ ವರ್ಷಾ ವರ್ಷಾ ನನ್ನ ಮನೆಗೆ ಬರೋದೇನು, ಫಾದರ್?’

‘ಅದು ವಿಶ್ರಾಂತಿಗೆ ಬರುತ್ತೆ.’

ಹೀಗಿರುವಾಗ ಹೊಳೆಯಾಚೆಯವರು ನಮ್ಮ ನಿದ್ದೆ ಕೆಡಿಸಿದರು. ತಮ್ಮ ಬಲಗಾಲಿನ ಚೀಲವನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಅದು ಬಹಳ ಹಳೆಯದೆಂದು ಪ್ರಮಾಣಪತ್ರ ತಂದು, ಚೌಕಟ್ಟು ಹಾಕಿಸಿ ಬಾಗಿಲಿಗೇ ತೂಗುಹಾಕಿದರು. ಬಸ್ಸುಗಳೆಲ್ಲ ಆ ಕಡೆ ತಿರುಗಿದವು. ನಮ್ಮ ಹೊಸ ಪಾದ್ರಿ ಇನ್ನೂ ಎಳೆಯ ಮನುಷ್ಯ, ಉತ್ಸಾಹ ಜಾಸ್ತಿ, ವಿಶ್ರಾಂತಿಯ ಗುಟ್ಟು ಇನ್ನೂ ಗೊತ್ತಿಲ್ಲ. ‘ನಮ್ಮದನ್ನೂ ಪರೀಕ್ಷೆ ಮಾಡಿಸೋಣ’ ಎಂದು ಪೀಠದಿಂದಲೇ ಘೋಷಿಸಿಬಿಟ್ಟರು. ಗಂಟೆಯಣ್ಣ ಪೂಜೆ ಮುಗಿಯುವುದನ್ನೂ ಕಾಯದೆ ಅತ್ತೆಯ ಹತ್ತಿರ ಓಡಿ ಬಂದ.

‘ಅಕ್ಕಾ, ಕೆಟ್ವಿ. ಎಲ್ಲಾ ಬಯಲಾಗುತ್ತೆ.’

‘ಆಗ್ಲಿ’ ಎಂದಳು ಅತ್ತೆ. ಅವಳ ಮುಖ ಅರಳಿತ್ತು. ‘ಇಷ್ಟು ವರ್ಷಕ್ಕೆ ಒಬ್ಬರಾದ್ರೂ ಸರಿಯಾಗಿ ಕಣ್ಣಿಟ್ಟು ನೋಡ್ತಾರೆ.’

ಪರೀಕ್ಷೆಗೆ ಬಂದದ್ದು ಒಬ್ಬ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಚಿಮಟ. ಕೆಲವು ಎಳೆಗಳನ್ನು ತೆಗೆದುಕೊಂಡು ಹೋದಳು. ಸ್ವಲ್ಪ ದಿನಗಳ ಮೇಲೆ ಮತ್ತೆ ಬಂದು, ಚರ್ಚಿನ ಹಿಂದಿನ ಕೋಣೆಯಲ್ಲಿ ಪಾದ್ರಿ, ಗಂಟೆಯಣ್ಣ ಎಲ್ಲರನ್ನೂ ಕೂರಿಸಿಕೊಂಡಳು. ಕರೆಯದಿದ್ದರೂ ಅತ್ತೆ ಒಳ್ಳೆಯ ಕೋಟು ತೊಟ್ಟು, ತಲೆ ಬಾಚಿ, ನನ್ನನ್ನೂ ಎಳೆದುಕೊಂಡು ಹೋಗಿ ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದಳು.

‘ಹಳೇ ಎಳೆ ಒಂದೂ ಇಲ್ಲ’ ಎಂದಳು ಪ್ರಯೋಗಾಲಯದವಳು. ‘ಪೂರ್ತಿ ರಫೂ. ಕೆಲವು ಎಳೆ ಹೋದ ವರ್ಷದ್ದು.’ ಪಾದ್ರಿಯ ಮುಖ ಬಿಳಿಚಿಕೊಂಡಿತು. ಆಕೆ ಕಾಲುಚೀಲವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಇನ್ನೊಮ್ಮೆ ತಿರುಗಿಸಿ ನೋಡಿದಳು. ‘ಇಂಥ ಕೈ ನಾನೆಲ್ಲೂ ನೋಡಿಲ್ಲ. ಇದನ್ನ ಹೊಲಿದವರು ಯಾರು?’

ಅತ್ತೆ ಎದ್ದು ನಿಂತಳು. ‘ನಾನು. ನಾನು ಮತ್ತು ನಮ್ಮಮ್ಮ.’

ಆ ಎರಡು ಮಾತಿಗೆ ಅವಳು ಎಷ್ಟು ವರ್ಷ ಕಾದಿದ್ದಳೋ. ನನಗೆ ಅಳು ಬಂತು. ಪಾದ್ರಿ ಎದ್ದು ಬಂದು ಅತ್ತೆಯ ಭುಜವನ್ನು ಮೆತ್ತಗೆ ಹಿಡಿದರು. ಪ್ರಯೋಗಾಲಯದವಳ ಕಡೆ ತಿರುಗಿ, ‘ವಯಸ್ಸಾಗಿದೆ ಪಾಪ, ಏನೇನೋ ಹೇಳ್ತಾರೆ. ಊರಿನವರಿಗೆಲ್ಲ ಗೊತ್ತು’ ಎಂದು ನಕ್ಕು, ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಮುಂದಿನ ಭಾನುವಾರ ಚರ್ಚು ಕಿಕ್ಕಿರಿದಿತ್ತು. ಸುದ್ದಿ ಹೇಗೋ ಸೋರಿ, ಪಾದ್ರಿ ಹೇಗೆ ಮುಖ ತೋರಿಸುತ್ತಾರೆಂದು ನೋಡಲು ಎಲ್ಲರೂ ಬಂದಿದ್ದರು. ಆ ಮಹಾಶಯರು ಪೀಠ ಹತ್ತಿ, ಎರಡೂ ಕೈ ಚಾಚಿ, ಕಣ್ಣಲ್ಲಿ ನೀರು ತಂದುಕೊಂಡರು. ‘ಸಹೋದರ ಸಹೋದರಿಯರೇ, ವಿಜ್ಞಾನವೇ ಮಂಡಿಯೂರಿದೆ! ಹೊಳೆಯಾಚೆಯವರ ಕಾಲುಚೀಲ ಹಳೆಯದಾಗುತ್ತಾ ಇದೆ, ಪಾಪ. ನಮ್ಮದೋ? ವರ್ಷದಿಂದ ವರ್ಷಕ್ಕೆ ಎಳೆಯದಾಗುತ್ತಿದೆ!’ ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು, ಮುಂದಿನ ಸಾಲಿನವರು ಎದೆಗೆ ಶಿಲುಬೆಯ ಗುರುತು ಹಾಕಿಕೊಂಡರು, ಎಲ್ಲಾ ಮುಗಿಯಿತು. ಹೊಳೆಯಾಚೆಯ ಬಸ್ಸುಗಳು ತಿರುಗಿ ನಮ್ಮ ಕಡೆ ಬಂದವು.

ಮನೆಗೆ ಬಂದ ಅತ್ತೆ ಕೋಟನ್ನು ಕಿತ್ತು ಕುರ್ಚಿಗೆ ಎಸೆದಳು. ‘ನಾನು ಕಣ್ಣು ಕಳ್ಕೊಂಡಿದ್ದು, ಪವಾಡ ಮಾಡಿದ್ದು ಆ ಸಂತ ಅನ್ನೋ ಆಸಾಮಿನಾ? ಇರ್ಲಿ. ಕಾಣದ ಹಾಗೆ ಹೊಲಿದಿದ್ದೇ ನನ್ನ ತಪ್ಪು. ಈ ಸಲ ಕಾಣೋ ಹಾಗೇ ಹೊಲೀತೀನಿ.’

ಮುಂದಿನ ಸಂತರ ದಿನದ ಮಾರನೆಯ ಬೆಳಗ್ಗೆ ಗಂಟೆಯಣ್ಣ ಟವೆಲಿನ ಗಂಟು ತಂದುಕೊಟ್ಟು ಹೋದ. ಅತ್ತೆ ನನ್ನ ಹಳೆಯ ಸ್ವೆಟರ್ ಬಿಚ್ಚಿ, ಕಣ್ಣಿಗೆ ರಾಚುವಂಥ ಕೆಂಪು ಉಣ್ಣೆಯಲ್ಲಿ ಇಡೀ ಹಿಮ್ಮಡಿ ತುಂಬಿದಳು. ಕುರುಡನಿಗೂ ಕಾಣಬೇಕು, ಹಾಗೆ. ಗಂಟೆಯಣ್ಣನೋ, ನೋಡಿದರೆ ತಾನೂ ಸಿಕ್ಕಿಹಾಕಿಕೊಳ್ಳುತ್ತೇನೆಂದು ಯಾವತ್ತೂ ಗಂಟು ಬಿಚ್ಚಿ ನೋಡಿದವನಲ್ಲ. ಪೆಟ್ಟಿಗೆಯಲ್ಲಿಡುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಅದನ್ನು ಜನ ಭಕ್ತಿಯೆಂದು ಮೆಚ್ಚುತ್ತಿದ್ದರು. ‘ನಾಳೆ ಎಲ್ಲರೂ ಕೇಳ್ತಾರೆ ನೋಡು, ಯಾರಪ್ಪ ಇದನ್ನ ಹೊಲಿದವರು ಅಂತ’ ಎಂದು, ಅವನು ರಾತ್ರಿ ಗಂಟು ಒಯ್ದ ಮೇಲೆ ಅತ್ತೆ ಕೈ ಉಜ್ಜಿಕೊಂಡಳು.

ಬೆಳಗ್ಗೆ ನೆಲ ಒರೆಸಲು ಹೋದ ಹೆಂಗಸು ಬಕೆಟ್ಟು ಕೈಬಿಟ್ಟು ಕಿರುಚಿದಳು. ‘ರಕ್ತ! ಸಂತರ ಹಿಮ್ಮಡಿಯಲ್ಲಿ ರಕ್ತ!’

ನಾನು ಅತ್ತೆಯ ಮುಖ ನೋಡಲಾರದೆ ಕಿಟಕಿಯಾಚೆ ನೋಡುತ್ತಾ ನಿಂತೆ. ಬೀದಿಯಲ್ಲಿ ಜನ ಓಡುತ್ತಿದ್ದರು. ಸಂತರು ಹಿಮದಲ್ಲಿ ನಡೆದ ಗಾಯ ನಮ್ಮ ಪಾಪಗಳಿಗಾಗಿ ಮತ್ತೆ ತೆರೆದುಕೊಂಡಿದೆ ಎಂದು ಮಧ್ಯಾಹ್ನದೊಳಗೆ ತೀರ್ಮಾನವಾಗಿತ್ತು. ಮುತ್ತಿಡಲು ವರ್ಷದವರೆಗೆ ಕಾಯಲು ಯಾರಿಗೂ ತಾಳ್ಮೆಯಿರಲಿಲ್ಲ, ಪಾದ್ರಿಗಳಿಗಂತೂ ಇನ್ನೂ ಇರಲಿಲ್ಲ. ವಿಶೇಷ ದರ್ಶನ ಇಟ್ಟರು. ಸಾಲು ಸೇತುವೆಯವರೆಗೆ ಹೋಯಿತು. ಹಲ್ಲುಗಳೆಲ್ಲ ಕೆಂಪಿನ ಮೇಲೇ ಬಿದ್ದು, ದರ್ಶನ ಮುಗಿಯುವ ಹೊತ್ತಿಗೆ ರಕ್ತವೆಲ್ಲ ಖಾಲಿಯಾಗಿ ಹಿಮ್ಮಡಿಯಲ್ಲಿ ದೊಡ್ಡ ತೂತು ಉಳಿಯಿತು.

ಆಗ ಮೆಟ್ಟಿಲು ಸದ್ದಾಯಿತು. ಯಾವ ಪಾದ್ರಿಯೂ ಹತ್ತದ ಮೆಟ್ಟಿಲನ್ನು ನಮ್ಮ ಪಾದ್ರಿ ಹತ್ತಿ ಬಂದು, ಹರಿದ ಪ್ಯಾಂಟುಗಳ ನಡುವೆ ಮುಕ್ಕಾಲಿಯ ಮೇಲೆ ಕೂತು, ಟವೆಲನ್ನು ಮಡಿಲಲ್ಲಿಟ್ಟುಕೊಂಡು ಕೆಮ್ಮಿದರು.

‘ಅಮ್ಮಾ, ಆ ಕೆಂಪು... ಇನ್ನೂ ಸ್ವಲ್ಪ ಇದೆಯಾ?’

‘ಯಾವ ಕೆಂಪು, ಫಾದರ್? ಅದು ಸಂತರ ರಕ್ತ ಅಲ್ವಾ? ಅವರನ್ನೇ ಕೇಳಿ.’

‘ನೀವು ದೊಡ್ಡ ಮನಸ್ಸು ಮಾಡ್ಬೇಕು.’

‘ಮೊದಲು ಕಲ್ಲು, ಆಮೇಲೆ ಕೆಂಪು’ ಎಂದಳು ಅತ್ತೆ. ‘ನನಗೂ ನಮ್ಮಮ್ಮನಿಗೂ ಒಂದು ಸಾಲು. ಏನು ಮಾಡಿದ್ವಿ ಅಂತ ಇರ್ಬೇಕು.’

ಪಾದ್ರಿ ಟವೆಲು ಬಿಚ್ಚಿ ಕಾಲುಚೀಲದ ತೂತಿನ ಅಗಲ ನೋಡಿ, ‘ಆಯ್ತಮ್ಮ, ನಿಮ್ಮ ಸೇವೆ ಬರೆಸ್ತೀನಿ’ ಎಂದರು. ಬಾಯಿಮಾತನ್ನು ಅತ್ತೆ ನಂಬಲಿಲ್ಲ. ಕಲ್ಲು ಕೆತ್ತುವವನು ಬಂದು, ಚರ್ಚಿನ ಒಳಗಿನಿಂದ ಉಳಿಯ ಸದ್ದು ತನ್ನ ಕಿಟಕಿಗೆ ಕೇಳಿಸಿದ ಮೇಲೆಯೇ ಸೂಜಿಗೆ ಕೆಂಪು ಪೋಣಿಸಿದಳು. ಅರದ ಸದ್ದು ಉಳಿಯ ಸದ್ದಿಗೆ ಅಡ್ಡ ಬಂದರೆ ಕೆಳಗಿನವನಿಗೆ, ‘ಸ್ವಲ್ಪ ನಿಲ್ಸಪ್ಪಾ, ನನ್ನ ಹೆಸರು ಕೆತ್ತುತಾ ಇದಾರೆ’ ಎಂದು ಕೂಗಿ ಹೇಳುತ್ತಿದ್ದಳು. ಅಷ್ಟು ಖುಷಿಯಾಗಿದ್ದ ಅತ್ತೆಯನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಲಿಲ್ಲ.

ಕಲ್ಲಿನ ಮೇಲೆ ಬಟ್ಟೆ ಮುಚ್ಚಿಟ್ಟಿದ್ದರು. ಮರುವರ್ಷದ ಸಂತರ ದಿನ ಪೂಜೆಯ ಕೊನೆಯಲ್ಲಿ ಪಾದ್ರಿ ಅದನ್ನು ಸರಿಸಿದರು. ಅತ್ತೆಯ ಕಣ್ಣು ಅಷ್ಟು ಹೊತ್ತಿಗೆ ದೂರಕ್ಕೆ ಮಂಜಾಗಿತ್ತು. ‘ಓದೇ’ ಎಂದು ನನ್ನ ಮೊಣಕೈ ತಿವಿದಳು. ಬೀಗಕ್ಕೆ ಎಣ್ಣೆ ಕೊಟ್ಟವನ ಕೆಳಗೆ, ಅವಳ ಹೆಸರಿನ ಮುಂದೆ, ಹೀಗಿತ್ತು: ‘ಪವಿತ್ರ ಪೆಟ್ಟಿಗೆಯ ಧೂಳು ಒರೆಸಿದ ವಿನಮ್ರ ಮಹಿಳೆ.’ ಅಜ್ಜಿಯ ಹೆಸರೇ ಇರಲಿಲ್ಲ.

ನಾನು ಓದಲಿಲ್ಲ. ಹಿಂದೆ ನಿಂತಿದ್ದವರೊಬ್ಬರು ನಮಗೆ ಉಪಕಾರ ಮಾಡುವವರ ಹಾಗೆ ಗಟ್ಟಿಯಾಗಿ ಓದಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ತನ್ನ ಮನೆಯ ಕಪಾಟಿನ ಧೂಳನ್ನೂ ಹುಟ್ಟಿದಾಗಿನಿಂದ ಒರೆಸದ ಅತ್ತೆ, ತಲೆಯಾಡಿಸುತ್ತಾ ನನ್ನ ಕೈ ಹಿಡಿದು ಮನೆಗೆ ಬಂದಳು. ಆ ಪಾದ್ರಿಯ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಉದ್ದೇಶವೂ ನನಗಿಲ್ಲ.

ಕಿಟಕಿಯ ಕುರ್ಚಿಯಲ್ಲಿ ಕೂತು ಅತ್ತೆ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ‘ಧೂಳು ಅಂದಿದ್ದಾದ್ರೂ ಹೋಗ್ಲಿ, ವಿನಮ್ರ ಅಂದ್ನಲ್ಲೇ!’ ಎಂದಳು, ಅಳುವಿನ ನಡುವೆಯೇ ನಮ್ಮಿಬ್ಬರಿಗೂ ನಗು ಬಂತು. ‘ಅಮ್ಮನ್ನ ಪೂರ್ತಿ ಒರೆಸಿಬಿಟ್ರು’ ಎಂದು ಮತ್ತೆ ಅತ್ತಳು. ಕೊನೆಗೆ ಮೂಗು ಒರೆಸಿಕೊಂಡು, ತನ್ನ ಹರಿದ ಹಿಮ್ಮಡಿಯ ಕಡೆ ನೋಡಿದಳು.

‘ಕಾಲು ತಣ್ಣಗಾಗಿದೆ ಕಣೇ. ಆ ಸೂಜಿದಿಂಬು ತಾ. ಕತ್ತರೀನೂ ತಾ.’

ಸೂಜಿಗಳನ್ನೆಲ್ಲ ಕಿತ್ತು, ದಿಂಬಿನ ಹೊಟ್ಟೆ ಕತ್ತರಿಸಿದಳು. ಒಳಗಿನಿಂದ ಮುದ್ದೆಮುದ್ದೆಯಾಗಿ ಹಳೆಯ ಉಣ್ಣೆ ಬಂತು, ಮೇಣದ ವಾಸನೆ, ಯಾರ್ಯಾರದೋ ಹಲ್ಲಿನ ಗುರುತು. ಅದನ್ನು ಬೆರಳಲ್ಲಿ ಹಿಂಜಿ, ಜೊತೆಗೆ ಸ್ವಲ್ಪ ಹೊಸ ಉಣ್ಣೆ ಸೇರಿಸಿ ತಿರುಚಿ, ಎಳೆ ಮಾಡಿಕೊಂಡಳು. ತನ್ನದೇ ಎಡಗಾಲಿನ ಕಾಲುಚೀಲ ಬಿಚ್ಚಿ ಅಚ್ಚಿಗೆ ಹಾಕಿದಳು. ಚರ್ಚಿನ ಕಡೆಯಿಂದ ಹಾಡು ಕೇಳುತ್ತಿತ್ತು, ಅಲ್ಲಿ ಜನ ಅವಳ ಹೊಲಿಗೆಗೆ ಮುತ್ತಿಡುತ್ತಿದ್ದರು. ಇಲ್ಲಿ ಅವಳು ಸಂತನನ್ನು ತೆಗೆದು ತನ್ನ ಹಿಮ್ಮಡಿಗೆ ತುಂಬುತ್ತಿದ್ದಳು.

‘ಇದು ಸರಿಯಾ ಅತ್ತೆ?’ ಎಂದೆ.

‘ಬರಿಗಾಲಿನವರಿಗೆ ಕೊಡೋ ಮನುಷ್ಯ ತಾನೇ ಅವನು? ಮೊದಲನೇದು ಭಿಕ್ಷುಕನಿಗೆ ಕೊಟ್ಟ. ಎರಡನೇದು ನನಗೆ ಕೊಡ್ಲಿ.’

ತೊಟ್ಟುಕೊಂಡು ಎರಡು ಹೆಜ್ಜೆ ನಡೆದು ನೋಡಿದಳು. ಬೆಚ್ಚಗಿದೆಯಾ ಎಂದು ಕೇಳಿದೆ. ‘ಹೂಂ. ಆಸಾಮಿ ಪರವಾಗಿಲ್ಲ’ ಎಂದಳು.

ಆ ಚಳಿಗಾಲದಲ್ಲೇ ಅತ್ತೆ ತೀರಿಕೊಂಡಳು. ಗಂಟೆಯಣ್ಣ ಟವೆಲಿನ ಗಂಟನ್ನು ಈಗ ನನ್ನ ಹತ್ತಿರ ತರುತ್ತಾನೆ. ಅತ್ತೆಯ ಕೈ ನನಗೆ ಬಂದಿಲ್ಲ, ನನ್ನದು ಗಂಟುಗಂಟು ಹೊಲಿಗೆ. ಅದು ದೀರ್ಘ ನಡಿಗೆಯಿಂದ ಸಂತರ ಹಿಮ್ಮಡಿಯಲ್ಲೆದ್ದ ಬೊಕ್ಕೆಯೆಂದು ಪಾದ್ರಿಗಳು ವಿವರಿಸಿದ್ದಾರೆ. ಕಾಲುನೋವಿನವರ ಸಾಲು ಈಗ ಬೇರೆಯೇ ಇದೆ. ನಾನೂ ಸುಮ್ಮನೆ ಹೊಲಿದು ಕೊಡುತ್ತೇನೆ, ಯಾಕೆಂದರೆ ನನ್ನ ಗಂಟುಗಳ ಸುತ್ತ ಉಳಿದದ್ದೆಲ್ಲ ಅತ್ತೆಯ ಕೆಲಸ, ಅದನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗುವುದಿಲ್ಲ.

ಅವಳನ್ನು ಮಣ್ಣು ಮಾಡಿದ ದಿನ ಪಾದ್ರಿ ಅವಳ ಧೂಳು ಒರೆಸುವ ಸೇವೆಯನ್ನು ಹೊಗಳಿ, ಕೊನೆಗೆ ‘ಮಣ್ಣಿಗೆ ಮಣ್ಣು, ಧೂಳಿಗೆ ಧೂಳು’ ಎಂದು ಮುಗಿಸಿದರು. ಆ ಮನುಷ್ಯನಿಗೆ ಧೂಳು ಬಿಟ್ಟರೆ ಬೇರೆ ಮಾತೇ ಇಲ್ಲ. ಅದಕ್ಕೂ ಮೊದಲು, ಮನೆಯಲ್ಲಿ ಶವಪೆಟ್ಟಿಗೆಯ ಮುಚ್ಚಳ ಹಾಕುವಾಗ, ಅವಳ ಎಡಗಾಲಿನ ಕಾಲುಚೀಲ ಜಾರಿದ್ದನ್ನು ನೋಡಿ ನಾನು ಅದನ್ನು ಮೇಲಕ್ಕೆಳೆದು ಸರಿಮಾಡಿದೆ. ಅವಳ ಹೊಲಿಗೆಯನ್ನು ಕೊನೆಯ ಸಲ ನೋಡೋಣವೆಂದು ಹಿಮ್ಮಡಿಯನ್ನು ಬೆಳಕಿಗೆ ತಿರುಗಿಸಿದೆ. ಸಂತನ ಉಣ್ಣೆ ಎಲ್ಲಿ ಮುಗಿದು ಅತ್ತೆಯ ಉಣ್ಣೆ ಎಲ್ಲಿ ಶುರುವಾಗುತ್ತದೆಂದು ಎಷ್ಟು ನೋಡಿದರೂ ನನಗೆ ಕಾಣಲಿಲ್ಲ.